ನ್ಯೂ ಲ್ಯಾನರ್ಕ್‌ನ ಹಳೆಯ ಚಿತ್ರ ಪೋಸ್ಟ್‌ಕಾರ್ಡ್: ಅದರ ಕಾಲ ಕಂಡುಹಿಡಿಯುವುದು ಹೇಗೆ?

ಅಂಚೆ ಮುದ್ರೆಯಲ್ಲಿ 1913 ಎಂದಿದ್ದರೆ ಚಿತ್ರವೂ 1913ರದ್ದೇ ಎಂದು ನಂಬಿಬಿಡುವುದು ಸುಲಭ. ಗ್ಲಾಸ್ಗೋಗೆ ಬಂದ ಮೊದಲ ವರ್ಷ ಸಂತೆಯೊಂದರಲ್ಲಿ ಹಳೆಯ ಕಾರ್ಡುಗಳ ರಟ್ಟಿನ ಪೆಟ್ಟಿಗೆ ಕೆದಕುತ್ತಾ ನ್ಯೂ ಲ್ಯಾನರ್ಕ್‌ನ ಕಾರ್ಡೊಂದನ್ನು ಕೊಂಡಾಗ ನಾನೂ ಹಾಗೆಯೇ ನಂಬಿದ್ದೆ. ಕೆಲವು ತಿಂಗಳ ಬಳಿಕ ಅದೇ ಚಿತ್ರ ಇನ್ನೊಂದು ಕಾರ್ಡಿನಲ್ಲಿ ಸಿಕ್ಕಿತು. ಅದೇ ಮೋಡ, ಗೋಡೆಗೆ ಒರಗಿ ನಿಂತ ಅದೇ ಹುಡುಗಿ. ಮುದ್ರೆ ಮಾತ್ರ 1904ರದ್ದು. ಒಂಬತ್ತು ವರ್ಷ ಆ ಹುಡುಗಿ ಬೆಳೆಯದೆ ಅಲ್ಲೇ ನಿಂತಿದ್ದಳು. ಕಾರ್ಡಿನ ಬೆನ್ನು ಹೇಳುವುದು ಅದನ್ನು ಅಂಚೆಗೆ ಹಾಕಿದ ದಿನವನ್ನು. ಚಿತ್ರ ತೆಗೆದ ಕಾಲವನ್ನು ಊರಿನ ಕಲ್ಲು, ನೀರು, ಚಾವಣಿಗಳನ್ನೇ ಕೇಳಬೇಕು. ಹಾಗೆ ಕೇಳುವ ಬಗೆಯನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಉದಾಹರಣೆಗೆ ಒಂದೇ ಊರನ್ನು ಇಟ್ಟುಕೊಂಡಿದ್ದೇನೆ, ಏಕೆಂದರೆ ಕಾರ್ಡಿನ ಕಾಲ ತಿಳಿಯಬೇಕಾದರೆ ಊರಿನ ಕಥೆ ಗೊತ್ತಿರಲೇಬೇಕು.

ಮೊದಲು ಊರಿನ ಕಥೆ

ನ್ಯೂ ಲ್ಯಾನರ್ಕ್ ಸ್ಕಾಟ್ಲೆಂಡಿನ ಲ್ಯಾನರ್ಕ್ ಪಟ್ಟಣದ ಕೆಳಗೆ, ಕ್ಲೈಡ್ ನದಿಯ ಆಳವಾದ ಕಮರಿಯಲ್ಲಿದೆ. ಗ್ಲಾಸ್ಗೋದ ವ್ಯಾಪಾರಿ ಡೇವಿಡ್ ಡೇಲ್ ಇಲ್ಲಿ ಹತ್ತಿ ನೂಲುವ ಗಿರಣಿ ಕಟ್ಟಲು ತೊಡಗಿದ್ದು 1785ರಲ್ಲಿ. ಮರುವರ್ಷವೇ ನೂಲುವ ಕೆಲಸ ಆರಂಭವಾಯಿತು. ಗಿರಣಿ ಇಲ್ಲಿಗೆ ಬಂದದ್ದು ನೀರಿಗಾಗಿ. ಜಲಪಾತಗಳಿಂದ ಧುಮುಕಿ ಬರುವ ನದಿಯ ನೀರನ್ನು ಸುರಂಗದ ಮೂಲಕ ಕಾಲುವೆಗೆ ತಿರುಗಿಸಿ ಗಿರಣಿಯ ಚಕ್ರಗಳಿಗೆ ಹಾಯಿಸಿದರು. ಡೇಲ್‌ನ ಅಳಿಯ ರಾಬರ್ಟ್ ಓವನ್ 1800ರ ಜನವರಿಯಲ್ಲಿ ಆಡಳಿತ ವಹಿಸಿಕೊಂಡು 1825ರವರೆಗೆ ಇದ್ದನು. ಹತ್ತು ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಸೇರಿಸಿಕೊಳ್ಳುವುದನ್ನು ನಿಲ್ಲಿಸಿ ಶಾಲೆ ಕಟ್ಟಿಸಿದವನು ಅವನೇ. ಅವನ ವಿದ್ಯಾಮಂದಿರ 1816ರ ಹೊಸ ವರ್ಷದ ದಿನ ಬಾಗಿಲು ತೆರೆಯಿತು. ಮುಂದೆ ಗಿರಣಿ ವಾಕರ್ ಮನೆತನದ ಕೈಯಲ್ಲಿದ್ದು, 1881ರಲ್ಲಿ ಗೂರಕ್ ಹಗ್ಗದ ಕಂಪನಿಯನ್ನು ನಡೆಸುತ್ತಿದ್ದವರ ಪಾಲಾಯಿತು. ಹತ್ತಿಯ ನೂಲಿನ ಜೊತೆಗೆ ಮೀನಿನ ಬಲೆ, ಕ್ಯಾನ್ವಾಸ್ ಬಟ್ಟೆ ಇಲ್ಲಿ ತಯಾರಾದವು. 1968ರಲ್ಲಿ ಗಿರಣಿ ಮುಚ್ಚಿತು. 2001ರಲ್ಲಿ ಯುನೆಸ್ಕೊ ಇಡೀ ಊರನ್ನು ವಿಶ್ವ ಪರಂಪರೆಯ ತಾಣವೆಂದು ಸಾರಿತು.

ಕಾರ್ಡನ್ನು ಕೈಗೆತ್ತಿಕೊಳ್ಳುವುದು

ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಕಾರ್ಡನ್ನು ಅಂಚಿನಲ್ಲಿ ಹಿಡಿಯಿರಿ. ಅಂಚೆಚೀಟಿಯನ್ನು ಕೀಳಬೇಡಿ, ನೀರಿನಲ್ಲಿ ನೆನೆಸಿ ಬಿಡಿಸಲೂ ಹೋಗಬೇಡಿ. ಚೀಟಿ ಕಿತ್ತ ಕಾರ್ಡು ಅರ್ಧ ಸಾಕ್ಷಿ ಕಳೆದುಕೊಂಡಂತೆ. ಹಳೆಯ ಆಲ್ಬಮ್ಮಿಗೆ ಅಂಟು ಹಾಕಿ ಅಂಟಿಸಿದ್ದರೆ ಎಳೆಯದೆ ಹಾಗೆಯೇ ಬಿಡಿ. ಪ್ಲಾಸ್ಟಿಕ್ ಲ್ಯಾಮಿನೇಷನ್ ಮಾತ್ರ ಬೇಡವೇ ಬೇಡ.

ಎಲ್ಲಕ್ಕೂ ಮೊದಲು ಎರಡೂ ಬದಿಗಳನ್ನು ಸ್ಕ್ಯಾನ್ ಮಾಡಿ. 600 ಡಿಪಿಐಗಿಂತ ಕಡಿಮೆ ಇಡಬೇಡಿ. ಅಂಚು ಪೂರ್ತಿ ಕಾಣಬೇಕು. ಬಿಳಿಯ ಅಂಚನ್ನು ಕತ್ತರಿಸಿ ಚಿತ್ರವನ್ನಷ್ಟೇ ಉಳಿಸಿಕೊಂಡವರು ಅನೇಕ ಬಾರಿ ಪ್ರಕಾಶಕರ ಸಂಖ್ಯೆಯನ್ನೇ ಕಳೆದುಕೊಂಡಿರುತ್ತಾರೆ. ಬಣ್ಣ ತಿದ್ದದ ಮೂಲ ಪ್ರತಿಯನ್ನು ಬೇರೆ ಇಟ್ಟು, ನಕಲಿನ ಮೇಲೆ ಮಾತ್ರ ಕೆಲಸ ಮಾಡಿ. ಜೊತೆಗೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಇರಲಿ. ಪರದೆಯ ಮೇಲೆ ಎಷ್ಟು ಹಿಗ್ಗಿಸಿದರೂ ಕಾಗದದ ಮೇಲಿನ ಶಾಯಿಯನ್ನು ನೇರವಾಗಿ ಕಂಡ ಹಾಗಾಗುವುದಿಲ್ಲ.

ಬೆನ್ನಿನ ಕಡೆ ಓದುವುದು

ಈ ಹಂತ ಬೇಗ ಮುಗಿಯುತ್ತದೆ, ಆದರೆ ಬಿಡುವಂತಿಲ್ಲ. ಕಾರ್ಡು ಯಾವ ಕಾಲಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ ಎಂಬುದು ಇಲ್ಲಿ ತೀರ್ಮಾನವಾಗುತ್ತದೆ.

ಬ್ರಿಟನ್ನಿನಲ್ಲಿ ಅಂಚೆ ಇಲಾಖೆಯ ಚಿತ್ರವಿಲ್ಲದ ಸಾದಾ ಕಾರ್ಡು ಬಂದದ್ದು 1870ರ ಅಕ್ಟೋಬರಿನಲ್ಲಿ. ಖಾಸಗಿಯವರು ಮುದ್ರಿಸಿದ ಕಾರ್ಡಿಗೆ ಚೀಟಿ ಅಂಟಿಸಿ ಕಳುಹಿಸಲು ಅನುಮತಿ ಸಿಕ್ಕಿದ್ದು 1894ರ ಸೆಪ್ಟೆಂಬರಿನಲ್ಲಿ. ಈಗ ನಾವು ಕಾಣುವ ಅಗಲದ ಕಾರ್ಡು, ಅಂದರೆ ಐದೂವರೆ ಇಂಚು ಉದ್ದ, ಮೂರೂವರೆ ಇಂಚು ಅಗಲದ್ದು, 1899ರ ನವೆಂಬರಿನ ಬಳಿಕ ಬಳಕೆಗೆ ಬಂತು. 1902ರವರೆಗೆ ಬೆನ್ನಿನ ಕಡೆ ವಿಳಾಸವನ್ನು ಮಾತ್ರ ಬರೆಯಬೇಕಿತ್ತು. ಆದ್ದರಿಂದ ಮಾತೇನಿದ್ದರೂ ಚಿತ್ರದ ಸುತ್ತ, ಆಕಾಶದಲ್ಲಿ, ಹೊಳೆಯ ಅಂಚಿನಲ್ಲಿ ಪುಟ್ಟ ಅಕ್ಷರಗಳಲ್ಲಿ ತುರುಕಿರುತ್ತಿದ್ದರು. 1902ರಲ್ಲಿ ಬೆನ್ನನ್ನು ಗೆರೆ ಎಳೆದು ಎರಡಾಗಿ ಒಡೆಯಲು ಒಪ್ಪಿಗೆ ದೊರೆಯಿತು. ಎಡಭಾಗದಲ್ಲಿ ‘ಒಳನಾಡಿನ ಅಂಚೆಗೆ ಮಾತ್ರ ಇಲ್ಲಿ ಬರೆಯಬಹುದು’ ಎಂಬರ್ಥದ ಇಂಗ್ಲಿಷ್ ಸಾಲು ಇದ್ದರೆ ಕಾರ್ಡು 1902ರ ನಂತರದ ಮೊದಲ ಕೆಲವು ವರ್ಷಗಳದ್ದು. ಬೇರೆ ದೇಶಗಳು ಆಗಿನ್ನೂ ಈ ಪದ್ಧತಿಗೆ ಒಪ್ಪಿರಲಿಲ್ಲ.

ಬಳಿಕ ಚೀಟಿಯ ಮೇಲಿನ ಮುಖ ನೋಡಿ. ಏಳನೆಯ ಎಡ್ವರ್ಡ್‌ನ ಚೀಟಿಗಳು 1902ರಿಂದ, ಐದನೆಯ ಜಾರ್ಜ್‌ನವು 1911ರಿಂದ. ದರವೂ ಒಂದು ಗಡಿಯಾರವೇ. 1918ರ ಜೂನ್ 3ರವರೆಗೆ ಕಾರ್ಡಿಗೆ ಅರ್ಧ ಪೆನ್ನಿ ಸಾಕಾಗಿತ್ತು. ಅಂದಿನಿಂದ ಒಂದು ಪೆನ್ನಿ. 1921ರಲ್ಲಿ ಒಂದೂವರೆ ಪೆನ್ನಿಗೆ ಏರಿ, ಮರುವರ್ಷ ಮತ್ತೆ ಒಂದಕ್ಕೆ ಇಳಿಯಿತು. 1940ರಲ್ಲಿ ಎರಡು ಪೆನ್ನಿಯಾಯಿತು. ಹಸಿರು ಅರ್ಧ ಪೆನ್ನಿಯ ಎಡ್ವರ್ಡ್ ಚೀಟಿ ಇದ್ದು ಮುದ್ರೆ ಮಸುಕಾಗಿದ್ದರೂ ಕಾರ್ಡು ಅಂಚೆಗೆ ಬಿದ್ದ ಕಾಲ ಹೆಚ್ಚುಕಡಿಮೆ ಸಿಕ್ಕಂತೆಯೇ. ಜರ್ಮನಿಯಲ್ಲಿ ಅಥವಾ ಸ್ಯಾಕ್ಸನಿಯಲ್ಲಿ ಮುದ್ರಿತ ಎಂದು ಸಣ್ಣ ಅಕ್ಷರದಲ್ಲಿ ಇದ್ದರೆ ಅದು ಬಹುಮಟ್ಟಿಗೆ 1914ರ ಯುದ್ಧಕ್ಕೆ ಮುಂಚಿನದು. ಬ್ರಿಟನ್ನಿನ ಎಷ್ಟೋ ಬಣ್ಣದ ಕಾರ್ಡುಗಳು ಅಲ್ಲಿಂದಲೇ ಅಚ್ಚಾಗಿ ಬರುತ್ತಿದ್ದವು.

ಬರಹವನ್ನೂ ಓದಿ. ನನ್ನ ಕಾರ್ಡಿನಲ್ಲಿರುವುದು ನಾಲ್ಕೇ ಸಾಲು: ಬಂದು ತಲುಪಿದೆ, ಮಳೆ ಬಿಟ್ಟಿಲ್ಲ, ಅತ್ತೆಯ ಕಾಲು ಪರವಾಗಿಲ್ಲ, ಶನಿವಾರ ಹೊರಡುತ್ತೇನೆ. ದಿನಕ್ಕೆ ಹಲವು ಬಾರಿ ಅಂಚೆ ಬಟವಾಡೆಯಾಗುತ್ತಿದ್ದ ಕಾಲದಲ್ಲಿ ಕಾರ್ಡು ಈಗಿನ ಮೊಬೈಲ್ ಸಂದೇಶದ ಕೆಲಸ ಮಾಡುತ್ತಿತ್ತು. ಗಿರಣಿಯ ಬಗ್ಗೆ ಬರೆದವಳು ಒಂದು ಮಾತೂ ಆಡಿಲ್ಲ. ಆದರೆ ಅತ್ತೆಯ ಮನೆ ಆ ಸಾಲುಮನೆಗಳಲ್ಲೇ ಒಂದಾಗಿರಬಹುದು ಎಂಬ ಯೋಚನೆ ಬಂದ ಮೇಲೆ ನನಗೆ ಚಿತ್ರ ಮೊದಲಿನ ಹಾಗೆ ಕಾಣಲಿಲ್ಲ.

ಅಚ್ಚು ಯಾವುದು, ಅಚ್ಚು ಹಾಕಿಸಿದವರು ಯಾರು?

ಭೂತಗನ್ನಡಿಯನ್ನು ಆಕಾಶದ ಭಾಗದ ಮೇಲಿಡಿ. ಸಾಲಾಗಿ ಜೋಡಿಸಿದ ಚುಕ್ಕೆಗಳು ಕಂಡರೆ ಅದು ಮುದ್ರಣಾಲಯದ ಅಚ್ಚು. ಚುಕ್ಕೆಗಳಿಲ್ಲದೆ ಬೂದು ಬಣ್ಣ ನುಣುಪಾಗಿ ಹರಿದಿದ್ದರೆ ಅದು ನಿಜವಾದ ಫೋಟೊ. ಓರೆಯಾಗಿ ಹಿಡಿದರೆ ಕಪ್ಪು ಭಾಗಗಳಲ್ಲಿ ಬೆಳ್ಳಿಯ ಹೊಳಪು ಬಂದಿರುವುದೂ ಉಂಟು. ಫೋಟೊ ಕಾರ್ಡಿನಲ್ಲಿ ಕಿಟಕಿಯ ಪರದೆಯವರೆಗೆ ವಿವರ ಸಿಗುತ್ತದೆ. ಅಚ್ಚಿನ ಕಾರ್ಡಿನಲ್ಲಿ ಹಿಗ್ಗಿಸಿದಷ್ಟೂ ಚುಕ್ಕೆಯೇ ಸಿಗುವುದು.

ಬಣ್ಣದ ಕಾರ್ಡಿನ ವಿಷಯದಲ್ಲಿ ಎಚ್ಚರ ಬೇಕು. ಆ ಕಾಲದ ಬಣ್ಣವನ್ನು ಕ್ಯಾಮೆರಾ ಕಂಡದ್ದಲ್ಲ, ಕಪ್ಪು ಬಿಳುಪು ಚಿತ್ರದ ಮೇಲೆ ಅಚ್ಚಿನವರು ಸೇರಿಸಿದ್ದು. ಒಂದೇ ಚಿತ್ರದ ಒಂದು ಅಚ್ಚಿನಲ್ಲಿ ಹೆಂಗಸಿನ ಲಂಗ ಕೆಂಪಗಿದ್ದರೆ ಇನ್ನೊಂದರಲ್ಲಿ ನೀಲಿಯಾಗಿರಬಹುದು. ತಂತಿಗಳನ್ನು ಅಳಿಸುವುದು, ಬರಿದಾದ ಆಕಾಶಕ್ಕೆ ಮೋಡ ತುಂಬುವುದು, ಚಿಮಣಿಗೆ ಹೊಗೆ ಬರೆಯುವುದು ಎಲ್ಲವೂ ನಡೆಯುತ್ತಿತ್ತು. ಹೊಗೆಯ ಅಂಚು ಕುಂಚದಿಂದ ಎಳೆದಂತೆ ಗಟ್ಟಿಯಾಗಿದ್ದರೆ ಅದನ್ನು ನಂಬಬೇಡಿ.

ಪ್ರಕಾಶಕರಲ್ಲಿ ಮುಖ್ಯವಾದದ್ದು ಡಂಡಿ ನಗರದ ವ್ಯಾಲೆಂಟೈನ್ ಸಂಸ್ಥೆ. ಅದರ ಕಾರ್ಡುಗಳಲ್ಲಿ ಜೆ ಮತ್ತು ವಿ ಅಕ್ಷರಗಳ ಪುಟ್ಟ ಗುರುತು, ಜೊತೆಗೆ ಒಂದು ಸಂಖ್ಯೆ ಇರುವುದುಂಟು. ಆ ಸಂಖ್ಯೆಯೇ ನಿಮ್ಮ ದೊಡ್ಡ ಆಸರೆ. ಸಂಸ್ಥೆಯ ಚಿತ್ರಸಂಗ್ರಹ ಈಗ ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾಲಯದಲ್ಲಿದೆ. ಸಂಖ್ಯೆಯ ಮೂಲಕ ಆ ಚಿತ್ರ ಮೊದಲು ದಾಖಲಾದ ವರ್ಷವನ್ನು ತಿಳಿಯಬಹುದು. ನನ್ನ ಹುಡುಗಿಯ ಚಿತ್ರದಂತೆ ವರ್ಷಗಟ್ಟಲೆ ಮರುಮುದ್ರಣವಾದವುಗಳಿಗೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಅಬರ್ಡೀನಿನ ಜಾರ್ಜ್ ವಾಷಿಂಗ್ಟನ್ ವಿಲ್ಸನ್ ಸಂಸ್ಥೆಯ ಗಾಜಿನ ನೆಗೆಟಿವ್‌ಗಳು ಅಬರ್ಡೀನ್ ವಿಶ್ವವಿದ್ಯಾಲಯದಲ್ಲಿವೆ. ಇಂತಹ ಹಳೆಯ ಸಂಸ್ಥೆಗಳು ಚಿತ್ರ ಕಾರ್ಡುಗಳು ಹುಟ್ಟುವ ಮುಂಚೆಯೇ ದಶಕಗಳ ಕಾಲ ಊರೂರು ಸುತ್ತಿ ಫೋಟೊ ತೆಗೆದಿದ್ದವು. ಹಾಗಾಗಿ 1900ರ ಕಾರ್ಡಿನಲ್ಲಿ ಅದಕ್ಕೂ ಬಹಳ ಹಿಂದಿನ ನೆಗೆಟಿವ್ ಇರಬಹುದು ಎಂಬುದನ್ನು ಮನಸ್ಸಿನಲ್ಲಿಡಿ.

ಛಾಯಾಗ್ರಾಹಕ ಎಲ್ಲಿ ನಿಂತಿದ್ದನು?

ನ್ಯೂ ಲ್ಯಾನರ್ಕ್‌ನ ಕಾರ್ಡುಗಳು ಕೆಲವೇ ಜಾಗಗಳಿಂದ ತೆಗೆದವು. ಒಂದು, ಲ್ಯಾನರ್ಕ್ ಪಟ್ಟಣದಿಂದ ಇಳಿದು ಬರುವ ರಸ್ತೆಯ ಮೇಲಿಂದ: ಊರು ಕಾಲಬುಡದಲ್ಲಿ, ಹಿಂದೆ ಮರಗಳ ಗೋಡೆ. ಇನ್ನೊಂದು, ಹೊಳೆಯಾಚೆಯ ದಡದಿಂದ: ಗಿರಣಿಗಳು ನದಿಗೆ ಮುಖ ಮಾಡಿ ಸಾಲಾಗಿ ನಿಂತಿರುತ್ತವೆ. ಮತ್ತೊಂದು, ಊರೊಳಗಿನ ಬೀದಿಯಿಂದ. ಇವಲ್ಲದೆ ಜಲಪಾತದ ಕಾರ್ಡುಗಳು ಬೇಕಾದಷ್ಟಿವೆ.

ಗುರುತಿಗೆ ಮೊದಲು ಗಂಟೆಗೋಪುರ ಹುಡುಕಿ. ಪುಟ್ಟ ಗೋಪುರ ಹೊತ್ತ ಉದ್ದನೆಯ ಕಟ್ಟಡ 1798ರ ‘ನ್ಯೂ ಬಿಲ್ಡಿಂಗ್ಸ್’. ಅದು ಊರಿನ ನಡುವೆ ಇದೆ. ಅದರ ಪಕ್ಕದ್ದು 1809ರ ‘ನರ್ಸರಿ ಬಿಲ್ಡಿಂಗ್ಸ್’, ದಿಕ್ಕಿಲ್ಲದ ಮಕ್ಕಳ ವಾಸಕ್ಕೆಂದು ಕಟ್ಟಿದ್ದು. ಹೊಳೆಯ ಮೇಲ್ಭಾಗದ ಕೊನೆಯಲ್ಲಿ ಬಾಗಿ ಸಾಗುವ ಮನೆಸಾಲು ‘ಕೇತ್‌ನೆಸ್ ರೋ’. ಗಿರಣಿಗಳ ಎಣಿಕೆ ಹೊಳೆಯ ಕೆಳಭಾಗದಿಂದ ಶುರುವಾಗುತ್ತದೆ, ಮೊದಲನೆಯದು ಆ ತುದಿಯಲ್ಲಿದೆ. ಈ ನಾಲ್ಕು ಗುರುತು ಹಿಡಿದರೆ ಉಳಿದದ್ದೆಲ್ಲ ತಾನಾಗಿಯೇ ಜಾಗಕ್ಕೆ ಬರುತ್ತದೆ.

ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಹಳೆಯ ಸರ್ವೇ ನಕ್ಷೆಗಳನ್ನು ಉಚಿತವಾಗಿ ಜಾಲತಾಣದಲ್ಲಿಟ್ಟಿದೆ. ಹಳೆಯ ನಕ್ಷೆಯನ್ನು ಇಂದಿನ ಉಪಗ್ರಹ ಚಿತ್ರದ ಮೇಲೆ ಹೊದಿಸಿ, ಬೇಕಾದಷ್ಟು ಮಸುಕು ಮಾಡಿ ನೋಡುವ ವ್ಯವಸ್ಥೆಯೂ ಇದೆ. ಮೈಸೂರಿನಲ್ಲೋ ಧಾರವಾಡದಲ್ಲೋ ಕುಳಿತೇ ಈ ಕೆಲಸ ಮಾಡಬಹುದು. ಕಾರ್ಡಿನಲ್ಲಿ ಒಂದರ ಹಿಂದೊಂದು ಒಂದೇ ನೇರಕ್ಕೆ ಕಾಣುವ ಎರಡು ಮೂಲೆಗಳನ್ನು ಆರಿಸಿ, ನಕ್ಷೆಯಲ್ಲಿ ಅವೆರಡನ್ನೂ ಮುಟ್ಟುವ ಗೆರೆ ಎಳೆದು ಮುಂದುವರಿಸಿ. ಇಂತಹ ಇನ್ನೊಂದು ಜೋಡಿಯಿಂದ ಎರಡನೆಯ ಗೆರೆ ಎಳೆಯಿರಿ. ಗೆರೆಗಳು ಕೂಡುವಲ್ಲಿ ಕ್ಯಾಮೆರಾ ನಿಂತಿತ್ತು. ಪೆನ್ಸಿಲ್ಲಿನ ಆ ಎರಡು ಗೆರೆ ರಸ್ತೆಯ ತಿರುವಿನ ಮೇಲೆಯೇ ಕೂಡಿದ ದಿನ ನನಗಾದ ಸಂತೋಷವನ್ನು ಹೇಳಲಾರೆ.

ಕಟ್ಟಡಗಳೇ ಹೇಳುವ ಕಾಲ

ಈ ಹಂತಕ್ಕೆ ಒಂದು ಸಂಜೆಯನ್ನಾದರೂ ಮೀಸಲಿಡಿ.

ನಾಲ್ಕನೆಯ ಗಿರಣಿ 1883ರಲ್ಲಿ ಬೆಂಕಿಗೆ ಆಹುತಿಯಾಯಿತು, ಮತ್ತೆ ಕಟ್ಟಲಿಲ್ಲ. ಕಾರ್ಡಿನಲ್ಲಿ ನಾಲ್ಕೂ ಗಿರಣಿ ನಿಂತಿದ್ದರೆ ಅದು ಹಳೆಯ ವರ್ಣಚಿತ್ರದ ನಕಲಾಗಿರಬೇಕು, ಇಲ್ಲವೇ 1883ಕ್ಕಿಂತ ಹಿಂದಿನ ನೆಗೆಟಿವಿನಿಂದ ಬಂದಿರಬೇಕು. ಎರಡನೆಯ ಗಿರಣಿಯನ್ನು 1884-85ರಲ್ಲಿ ಅಗಲಗೊಳಿಸಿದರು. ಇಡೀ ಊರು ಕಲ್ಲಿನದಾಗಿದ್ದರೂ ಆ ಸೇರ್ಪಡೆ ಮಾತ್ರ ಇಟ್ಟಿಗೆಯದು. ಫೋಟೊ ಕಾರ್ಡಿನಲ್ಲಿ ಬೇರೆ ಗೋಡೆಗಳ ಒರಟು ಕಲ್ಲಿನ ಪಕ್ಕದಲ್ಲಿ ಅದು ಸಮನಾದ ಬೂದು ಹಾಳೆಯಂತೆ ಕಾಣುತ್ತದೆ.

ಇಪ್ಪತ್ತನೆಯ ಶತಮಾನದ ಕಾರ್ಡುಗಳಿಗೆ ಒಂದನೆಯ ಗಿರಣಿಯೇ ಕೈಮರ. 1945ರಲ್ಲಿ ಅದರ ಮೇಲಿನ ಅಂತಸ್ತುಗಳನ್ನು ಕೆಡವಿ ಮೂರಕ್ಕೆ ಇಳಿಸಿದರು. 1990ರ ದಶಕದಲ್ಲಿ ಮತ್ತೆ ಮೊದಲಿನ ಎತ್ತರಕ್ಕೆ ಕಟ್ಟಿ ಹೋಟೆಲ್ ಮಾಡಿದರು. ಆದ್ದರಿಂದ ಅಂತಸ್ತು ಎಣಿಸಿ. ಪಕ್ಕದ ಗಿರಣಿಗಿಂತ ತೀರಾ ಗಿಡ್ಡಗೆ, ಮೊಟಕಾಗಿ ನಿಂತಿದ್ದರೆ ಚಿತ್ರ ಆ ಐವತ್ತು ವರ್ಷಗಳ ನಡುವಿನದು. ಇದಕ್ಕಿಂತ ಖಚಿತವಾದ ಗುರುತು ಈ ಊರಿನಲ್ಲಿ ಇನ್ನೊಂದಿಲ್ಲ.

ಚಾವಣಿಯ ಮೇಲೆ ಟಿವಿ ಆಂಟೆನಾ ಇದೆಯೇ? ಇದೇ ಲ್ಯಾನರ್ಕ್‌ಶೈರಿನ ಕರ್ಕ್ ಓ ಶಾಟ್ಸ್ ಪ್ರಸಾರ ಕೇಂದ್ರ 1952ರ ಮಾರ್ಚ್‌ನಲ್ಲಿ ಆರಂಭವಾದ ಮೇಲೆಯೇ ಇಲ್ಲಿಗೆ ಟಿವಿ ಬಂದದ್ದು. ಅಂಗಳದಲ್ಲಿ ಲೋಹದ ಗುಜರಿ ಬಿದ್ದಿದ್ದರೆ 1970ರ ನಂತರದ ಕಾಲ ನೋಡಿ: ಆ ವರ್ಷ ಗಿರಣಿಯ ಕಟ್ಟಡಗಳು ಗುಜರಿಯಿಂದ ಅಲ್ಯೂಮಿನಿಯಂ ತೆಗೆಯುವ ಕಂಪನಿಯ ಕೈಗೆ ಹೋದವು, 1983ರಲ್ಲಿ ಸರ್ಕಾರಿ ಸ್ವಾಧೀನದ ಆದೇಶದ ಮೂಲಕ ಅವನ್ನು ಬಿಡಿಸಿಕೊಂಡರು. ಆ ದಿನಗಳ ಚಿತ್ರಗಳು ನೋಡಲು ಚೆಂದವಲ್ಲ, ಹಾಗಾಗಿ ಹೆಚ್ಚಿನವರು ಕೊಳ್ಳುವುದಿಲ್ಲ. ಸಿಕ್ಕರೆ ತಪ್ಪದೆ ಕೊಳ್ಳಿ. ಊರು ಉಳಿದ ಕಥೆಗೆ ಅವೇ ಸಾಕ್ಷಿ.

ನೀರೂ ಸಾಕ್ಷಿ ಹೇಳುತ್ತದೆ. ಊರಿನ ಮೇಲ್ಭಾಗದಲ್ಲಿ ಬಾನಿಂಗ್ಟನ್ ಲಿನ್, ಕೋರಾ ಲಿನ್ ಎಂಬ ಎರಡು ಜಲಪಾತಗಳಿವೆ. ಲಿನ್ ಎಂದರೆ ಅಲ್ಲಿಯ ಮಾತಿನಲ್ಲಿ ಜಲಪಾತ. ಕೋರಾ ಲಿನ್ ಸುಮಾರು 26 ಮೀಟರ್ ಎತ್ತರದ್ದು. 1920ರ ದಶಕದ ಉತ್ತರಾರ್ಧದಲ್ಲಿ ಬಾನಿಂಗ್ಟನ್ ವಿದ್ಯುತ್ ಕೇಂದ್ರ ಬಂದ ಮೇಲೆ ನದಿಯ ನೀರಿನ ದೊಡ್ಡ ಪಾಲನ್ನು ಮೊದಲ ಜಲಪಾತಕ್ಕೂ ಮೇಲೆಯೇ ತಿರುಗಿಸಿ, ಎರಡನೆಯದರ ಕೆಳಗೆ ಮತ್ತೆ ನದಿಗೆ ಬಿಡತೊಡಗಿದರು. ಅಲ್ಲಿಂದಾಚೆಗೆ ಈ ಜಲಪಾತಗಳು ಬಡವಾದವು. ಇಳಿಜಾರಿನಲ್ಲಿ ಎರಡು ದಪ್ಪ ಕೊಳವೆಗಳು ಕಂಡರೆ ಚಿತ್ರ ಆ ನಂತರದ್ದು, ಅನುಮಾನವಿಲ್ಲ. ನೀರು ಕಡಿಮೆಯಿದೆ ಎಂಬುದೊಂದನ್ನೇ ನೆಚ್ಚಬೇಡಿ, ಬೇಸಿಗೆಯೂ ಕಾರಣವಾಗಬಹುದು. ಭೋರ್ಗರೆಯುವ ನೀರನ್ನೂ ನೆಚ್ಚಬೇಡಿ, ಮಳೆಗಾಲದಲ್ಲೂ ಕೇಂದ್ರ ನಿಂತ ದಿನಗಳಲ್ಲೂ ಜಲಪಾತ ಹಳೆಯ ವೈಭವಕ್ಕೆ ಮರಳುತ್ತದೆ. ಗಿರಣಿಗಳ ಬಳಿಯ ಪುಟ್ಟ ಡಂಡಾಫ್ ಲಿನ್‌ಗೆ ಈ ಲೆಕ್ಕ ಅನ್ವಯಿಸುವುದಿಲ್ಲ, ಅದು ಕೇಂದ್ರದ ಕೆಳಗಿದೆ. ‘ಕ್ಲೈಡ್ ಜಲಪಾತ’ ಎಂದಷ್ಟೇ ಅಚ್ಚಾದ ಕಾರ್ಡು ಇವುಗಳಲ್ಲಿ ಯಾವುದಾದರೂ ಆಗಿರಬಹುದು, ಲ್ಯಾನರ್ಕ್‌ನ ಇನ್ನೂ ಕೆಳಗಿರುವ ಸ್ಟೋನ್‌ಬೈರ್ಸ್ ಕೂಡ. ಹುಡುಕುವಾಗ ಕೋರಾ ಎಂಬುದನ್ನು ಇಂಗ್ಲಿಷಿನಲ್ಲಿ ಒಂದು ‘ಆರ್’ ಹಾಕಿಯೂ ಎರಡು ಹಾಕಿಯೂ ನೋಡಿ.

ಜನ ಎಲ್ಲಿ?

ಗಿರಣಿ ಊರಿನ ಕಾರ್ಡುಗಳಲ್ಲಿ ಬೀದಿ ಎಷ್ಟೋ ಬಾರಿ ಖಾಲಿ. ಊರು ಪಾಳು ಬಿದ್ದಿತ್ತೆಂದು ಮೊದಲು ಅನಿಸುತ್ತದೆ. ಆದರೆ ಹಗಲು ಬೆಳಕಿನಲ್ಲಿ ಕ್ಯಾಮೆರಾ ಬಂದಾಗ ದೊಡ್ಡವರೆಲ್ಲ ಎಲ್ಲಿರಬೇಕಿತ್ತು? ಗೋಡೆಯೊಳಗೆ, ಯಂತ್ರದ ಮುಂದೆ. ಹೊರಗೆ ಉಳಿದವರು ಮಕ್ಕಳು, ಮುದುಕರು, ಕೈಯಲ್ಲಿ ಕೂಸಿದ್ದ ತಾಯಂದಿರು. ಅಲುಗಾಡಿದವರು ಮಬ್ಬಾಗಿ ಅಳಿಸಿಹೋಗಿದ್ದಾರೆ, ನಿಂತವರು ಉಳಿದಿದ್ದಾರೆ. ಕಾರ್ಡು ಮಾರುವವನಿಗೆ ಬೇಕಿದ್ದದ್ದು ಕಮರಿ, ಹೊಳೆ, ಹಸಿರು. ದುಡಿಮೆ ಅವನ ಚೌಕಟ್ಟಿನೊಳಗೆ ಬಂದದ್ದು ಅಂಚಿನಲ್ಲಿ, ಅವನಿಗೆ ಗೊತ್ತಿಲ್ಲದೆ. ಆದ್ದರಿಂದ ಚಿತ್ರವನ್ನು ಅಂಗುಲ ಅಂಗುಲವಾಗಿ, ಮೂಲೆಗಳಿಂದ ಒಳಕ್ಕೆ ನೋಡುತ್ತಾ ಬನ್ನಿ.

ನನ್ನ ಕಾರ್ಡಿನ ಎಡಮೂಲೆಯಲ್ಲಿ ಹಗ್ಗಕ್ಕೆ ಒಣಹಾಕಿದ ಬಟ್ಟೆಗಳಿವೆ. ಭೂತಗನ್ನಡಿಯಲ್ಲಿ ಎಣಿಸಿದರೆ ಏಳು: ಎರಡು ದೊಡ್ಡ ದುಪ್ಪಟಿ, ಐದು ಚಿಕ್ಕವು. ಗಾಳಿಗೆ ಒಂದೇ ಕಡೆ ಉಬ್ಬಿವೆ. ಗೋಡೆಗೆ ಒರಗಿದ ಹುಡುಗಿಯ ಏಪ್ರನ್ ಬಿಳಿ, ತಲೆ ಮಾತ್ರ ಸ್ವಲ್ಪ ಅಲುಗಿ ಎರಡಾಗಿದೆ. ಯಾರೋ ಕರೆದಾಗ ತಿರುಗಿದಂತೆ. ಇವನ್ನೆಲ್ಲ ಪಟ್ಟಿ ಮಾಡಿ. ನೆರಳು ಎತ್ತ ಬಿದ್ದಿದೆ ಎಂಬುದನ್ನೂ ಬರೆದುಕೊಳ್ಳಿ, ನಕ್ಷೆಯ ದಿಕ್ಕಿಗೆ ಹೋಲಿಸಿದರೆ ಬೆಳಗಿನ ಚಿತ್ರವೋ ಮಧ್ಯಾಹ್ನದ್ದೋ ತಿಳಿಯುತ್ತದೆ.

ವಿಳಾಸದಲ್ಲಿ ಊರಿನವರ ಹೆಸರಿದ್ದರೆ ಸ್ಕಾಟ್ಲೆಂಡ್ಸ್ ಪೀಪಲ್ ಎಂಬ ಸರ್ಕಾರಿ ಜಾಲತಾಣದಲ್ಲಿ ಜನಗಣತಿ ನೋಡಿ. 1841ರಿಂದ 1921ರವರೆಗಿನ ಗಣತಿ ಅಲ್ಲಿದೆ. ಮೂಲ ಹಾಳೆಯ ಚಿತ್ರಕ್ಕೆ ಸ್ವಲ್ಪ ಹಣ ಕೊಡಬೇಕು. ಮನೆಸಾಲಿನ ಹೆಸರು, ವಯಸ್ಸು, ಗಿರಣಿಯಲ್ಲಿ ಮಾಡುತ್ತಿದ್ದ ಕೆಲಸ ಎಲ್ಲ ಸಿಗಬಹುದು. ಚಿತ್ರದಲ್ಲಿರುವ ಹುಡುಗಿ ಇವಳೇ ಎಂದು ಮಾತ್ರ ಹೆಸರಿಡಬೇಡಿ. ಆಸೆಯಾಗುತ್ತದೆ, ಬಲ್ಲೆ. ಕಾರ್ಡು ಬರೆದವರಿಗೂ ಚಿತ್ರದಲ್ಲಿ ನಿಂತವರಿಗೂ ನಂಟಿರಬೇಕೆಂದೇನಿಲ್ಲ.

ಹೋಲಿಕೆ, ಭೇಟಿ, ದಾಖಲೆ

ಸ್ಕಾಟ್ಲೆಂಡಿನ ಪರಂಪರೆ ಇಲಾಖೆಯ ಟ್ರೋವ್ ಜಾಲತಾಣದಲ್ಲಿ ಇದೇ ಊರಿನ ಹಳೆಯ ಫೋಟೊಗಳೂ ಅಳತೆಯ ನಕ್ಷೆಗಳೂ ಇವೆ. ಕಾಲ ಗೊತ್ತಿರುವ ಎರಡು ಫೋಟೊಗಳ ನಡುವೆ ನಿಮ್ಮ ಕಾರ್ಡನ್ನಿಟ್ಟು, ಯಾವುದು ಹೊಸದಾಗಿ ಬಂದಿದೆ, ಯಾವುದು ಇಲ್ಲವಾಗಿದೆ ಎಂದು ನೋಡಿ.

ಬ್ರಿಟನ್ನಿನಲ್ಲಿರುವ ಕನ್ನಡಿಗರು ಒಮ್ಮೆ ಅಲ್ಲಿಗೇ ಹೋಗಿಬನ್ನಿ. ಗ್ಲಾಸ್ಗೋ ಸೆಂಟ್ರಲ್‌ನಿಂದ ಲ್ಯಾನರ್ಕ್‌ಗೆ ರೈಲಿನಲ್ಲಿ ಸುಮಾರು ಒಂದು ಗಂಟೆ. ನಿಲ್ದಾಣದಿಂದ ಊರಿಗೆ ಅರ್ಧ ಗಂಟೆಯ ಇಳಿಜಾರು ನಡಿಗೆ. ಕಾರ್ಡಿನ ನಕಲನ್ನು ಒಯ್ಯಿರಿ, ಮೂಲವನ್ನು ಮನೆಯಲ್ಲೇ ಬಿಡಿ, ಅಲ್ಲಿ ಮಳೆ ಹೇಳಿ ಕೇಳಿ ಬರುವುದಿಲ್ಲ. ಮರಗಳು ಬೆಳೆದು ಹಳೆಯ ನೋಟ ಮುಚ್ಚಿರುವುದುಂಟು. ಎಲೆ ಉದುರಿದ ತಿಂಗಳುಗಳಲ್ಲಿ ಹೋದರೆ ಹೆಚ್ಚು ಕಾಣುತ್ತದೆ.

ಕೊನೆಗೆ ಬರೆದಿಡುವ ಕೆಲಸ. ಕಾರ್ಡಿನ ಮೇಲೆ ಏನನ್ನೂ ಬರೆಯಬೇಡಿ. ಬೇರೆ ಚೀಟಿಯಲ್ಲಿ ಮೆತ್ತನೆಯ ಪೆನ್ಸಿಲ್ಲಿನಿಂದ ಮೂರು ಕಾಲಗಳನ್ನು ಬೇರೆ ಬೇರೆಯಾಗಿ ಬರೆಯಿರಿ: ಚಿತ್ರ ತೆಗೆದದ್ದು, ಅಚ್ಚಾದದ್ದು, ಅಂಚೆಗೆ ಬಿದ್ದದ್ದು. ಪ್ರತಿಯೊಂದರ ಎದುರಿಗೆ ಕಾರಣ ಇರಲಿ. ನನ್ನ ಚೀಟಿಯಲ್ಲಿ ಹೀಗಿದೆ: ಚಿತ್ರ 1885ರಿಂದ 1904ರ ನಡುವೆ, ಎರಡನೆಯ ಗಿರಣಿಯ ಇಟ್ಟಿಗೆ ಗೋಡೆ ಇದೆ, ಅದೇ ಚಿತ್ರದ ಇನ್ನೊಂದು ಕಾರ್ಡಿಗೆ 1904ರ ಮುದ್ರೆ, ಅಚ್ಚು 1902ರ ನಂತರ, ಬೆನ್ನು ಎರಡು ಭಾಗ, ಅಂಚೆಗೆ 1913, ಅರ್ಧ ಪೆನ್ನಿ, ಐದನೆಯ ಜಾರ್ಜ್. ಆ ಚೀಟಿಯನ್ನೂ ಕಾರ್ಡನ್ನೂ ಪಿವಿಸಿ ಇಲ್ಲದ ಪಾಲಿಯೆಸ್ಟರ್ ಲಕೋಟೆಯಲ್ಲಿ ಹಾಕಿ, ಬಿಸಿಲು ತೇವ ಸೋಕದ ಪೆಟ್ಟಿಗೆಯಲ್ಲಿ ನಿಲ್ಲಿಸಿಡಿ.